ರೆಸ್ಕ್ಯೂ ಮೋಡ್‌ನಲ್ಲಿ ಕಾಣೆಯಾಗುವ ಡಿಸ್ಕು

ಬೂಟ್ ಆಗದ ಲಿನಕ್ಸ್ ಸರ್ವರನ್ನು ರೆಸ್ಕ್ಯೂ ಮೋಡ್‌ಗೆ ತಂದು ಡಿಸ್ಕುಗಳ ಪಟ್ಟಿ ತೆಗೆದರೆ, ಯಂತ್ರದೊಳಗಿನ ಡಿಸ್ಕು ಮಾತ್ರ ಕಾಣುತ್ತದೆ. ಡೇಟಾಬೇಸ್ ಇದ್ದ ನೆಟ್‌ವರ್ಕ್ ಸ್ಟೋರೇಜ್‌ನ ಸುಳಿವೇ ಇರುವುದಿಲ್ಲ. ಗಾಬರಿ ಬೇಡ, ಡೇಟಾ ತನ್ನ ಜಾಗದಲ್ಲೇ ಇದೆ. ಆದರೆ ನೀವೀಗ ಸ್ಟೋರೇಜ್‌ಗೆ ಅಪರಿಚಿತರು.

ಮೊದಲ ಕಾರಣ ಸರಳ: ನೆಟ್‌ವರ್ಕ್ ಎದ್ದಿಲ್ಲ. ಸಿಸ್ಟಂಡಿಯ ರೆಸ್ಕ್ಯೂ ಟಾರ್ಗೆಟ್ ಒಳಗಿನ ಡಿಸ್ಕುಗಳನ್ನಷ್ಟೇ ಮೌಂಟ್ ಮಾಡಿ ನಿಲ್ಲುತ್ತದೆ. ಯುಎಸ್‌ಬಿಯಿಂದ ಬೂಟ್ ಮಾಡಿದ ರೆಸ್ಕ್ಯೂ ಪರಿಸರಕ್ಕಾದರೆ ನಿಮ್ಮ ಹಳೆಯ ಐಪಿ ಸೆಟ್ಟಿಂಗುಗಳೇ ಗೊತ್ತಿರುವುದಿಲ್ಲ. ಹಾಗಾಗಿ ಐಪಿ ವಿಳಾಸವನ್ನು ಕೈಯಾರೆ ಕೊಡಿ. ಅದು ಸರ್ವರ್‌ನ ಹಳೆಯ ವಿಳಾಸವೇ ಆಗಿರಲಿ. ಎನ್‌ಎಫ್‌ಎಸ್ ಸರ್ವರ್ ಸಾಮಾನ್ಯವಾಗಿ ಐಪಿ ನೋಡಿಯೇ ಬಾಗಿಲು ತೆರೆಯುತ್ತದೆ. ಡಿಎಚ್‌ಸಿಪಿ ಕೊಟ್ಟ ಹೊಸ ವಿಳಾಸದಿಂದ ಹೋದರೆ ಅನುಮತಿ ಇಲ್ಲವೆಂದು ಹಿಂದಕ್ಕೆ ಕಳಿಸಬಹುದು. ಎನ್‌ಎಫ್‌ಎಸ್‌ನ 3ನೇ ಆವೃತ್ತಿಯಾದರೆ ಮೌಂಟ್ ಮಾಡುವಾಗ 'ನೋಲಾಕ್' ಆಯ್ಕೆ ಸೇರಿಸಿ, ಏಕೆಂದರೆ ಲಾಕ್ ನೋಡಿಕೊಳ್ಳುವ ಸೇವೆಗಳು ಈ ಮೋಡ್‌ನಲ್ಲಿ ಓಡುತ್ತಿರುವುದಿಲ್ಲ.

ಹೆಚ್ಚು ಜನ ಎಡವುವುದು ಐ-ಸ್ಕಸಿಯಲ್ಲಿ. ಇಲ್ಲಿ ಗುರುತು ಎಂದರೆ ಐಪಿ ಮಾತ್ರವಲ್ಲ, 'ಐಕ್ಯೂಎನ್' ಎಂದು ಶುರುವಾಗುವ ಇನಿಶಿಯೇಟರ್ ಹೆಸರು ಕೂಡ. ರೆಸ್ಕ್ಯೂ ಪರಿಸರ ತನ್ನದೇ ಬೇರೆ ಹೆಸರು ಹೊತ್ತು ಹೋಗುತ್ತದೆ. ಆಗ 3260ನೇ ಪೋರ್ಟ್ ಉತ್ತರಿಸುತ್ತದೆ, ಲಾಗಿನ್ ಕೂಡ ಆಗಬಹುದು, ಡಿಸ್ಕು ಮಾತ್ರ ಬರುವುದಿಲ್ಲ. ಹಳೆಯ ಸಿಸ್ಟಂನ ರೂಟ್ ಪಾರ್ಟಿಶನ್ ಮೌಂಟ್ ಮಾಡಿ, ಅದರ 'ಇಟಿಸಿ' ಡೈರೆಕ್ಟರಿಯ ಐ-ಸ್ಕಸಿ ಫೋಲ್ಡರಿನಿಂದ ಇನಿಶಿಯೇಟರ್ ಹೆಸರಿನ ಫೈಲನ್ನು ನಕಲು ಮಾಡಿಕೊಳ್ಳಿ. ಚಾಪ್ ಪಾಸ್‌ವರ್ಡ್ ಇದ್ದರೆ ಅದೂ ಬೇಕು. ಬಳಿಕ ಐ-ಸ್ಕಸಿ ಡೀಮನ್ ಮರುಚಾಲನೆ ಮಾಡಿ, ಟಾರ್ಗೆಟ್ ಹುಡುಕಿ, ಲಾಗಿನ್ ಆಗಿ. ಎಲ್‌ವಿಎಂ ಇದ್ದರೆ ವಾಲ್ಯೂಮ್ ಗ್ರೂಪನ್ನು ಸಕ್ರಿಯಗೊಳಿಸಬೇಕು.

ಡಿಸ್ಕು ಕಂಡ ತಕ್ಷಣ ಮೌಂಟ್ ಮಾಡಬೇಡಿ. ಅದೇ ಡಿಸ್ಕನ್ನು ಕ್ಲಸ್ಟರಿನ ಇನ್ನೊಂದು ಯಂತ್ರ ಬಳಸುತ್ತಿರಬಹುದು. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಎರಡೂ ಒಂದೇ ಯಜಮಾನನಿದ್ದಾನೆಂದು ನಂಬಿ ಕೆಲಸ ಮಾಡುವ ಫೈಲ್‌ಸಿಸ್ಟಂಗಳು; ಎರಡು ಯಂತ್ರಗಳು ಒಟ್ಟಿಗೆ ಬರೆದರೆ ಫೈಲ್‌ಸಿಸ್ಟಂ ಕೆಡುತ್ತದೆ. 'ರೀಡ್ ಓನ್ಲಿ' ಎಂದು ಹಾಕಿದರೂ ಜರ್ನಲ್‌ನಲ್ಲಿ ಬಾಕಿಯಿದ್ದ ಬದಲಾವಣೆಗಳನ್ನು ಇವು ಡಿಸ್ಕಿಗೆ ಬರೆದುಬಿಡಬಲ್ಲವು ಎಂಬುದು ಹಲವರಿಗೆ ತಿಳಿದಿಲ್ಲ. ಅದನ್ನು ತಡೆಯಲು ಇಎಕ್ಸ್‌ಟಿ4ಗೆ 'ನೋಲೋಡ್', ಎಕ್ಸ್‌ಎಫ್‌ಎಸ್‌ಗೆ 'ನೋರಿಕವರಿ' ಆಯ್ಕೆಯನ್ನೂ ಜೊತೆಗೆ ಕೊಡಬೇಕು. ಅನುಮಾನವಿದ್ದರೆ ಸ್ಟೋರೇಜ್ ನೋಡಿಕೊಳ್ಳುವವರನ್ನು ಕೇಳಿಯೇ ಮುಂದುವರಿಯಿರಿ.

ಇಷ್ಟಕ್ಕೂ ಸರ್ವರ್ ನಿಂತದ್ದೇಕೆ? ಒಮ್ಮೆ ಎಫ್‌ಎಸ್‌ಟ್ಯಾಬ್ ತೆರೆದು ನೋಡಿ. ಐ-ಸ್ಕಸಿ ಡಿಸ್ಕಿನ ಸಾಲಿನಲ್ಲಿ 'ಅಂಡರ್‌ಸ್ಕೋರ್ ನೆಟ್‌ಡೆವ್' ಇಲ್ಲದಿದ್ದರೆ ಸಿಸ್ಟಂಡಿ ಅದನ್ನು ಒಳಗಿನ ಡಿಸ್ಕೆಂದೇ ಎಣಿಸುತ್ತದೆ. ನೆಟ್‌ವರ್ಕ್ ಏಳುವ ಮೊದಲೇ ಹುಡುಕಿ, ಸಾಮಾನ್ಯವಾಗಿ 90 ಸೆಕೆಂಡ್ ಕಾದು, ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಆ ಪದ ಸೇರಿಸಿ; ಆ ಡಿಸ್ಕು ಇಲ್ಲದೆಯೂ ಸರ್ವರ್ ಏಳಬಹುದಾದರೆ 'ನೋಫೇಲ್' ಕೂಡ. ರೀಬೂಟ್‌ಗೆ ಮುನ್ನ ಅನ್‌ಮೌಂಟ್ ಮಾಡಿ, ವಾಲ್ಯೂಮ್ ಗ್ರೂಪ್ ನಿಷ್ಕ್ರಿಯಗೊಳಿಸಿ, ಕೊನೆಗೆ ಟಾರ್ಗೆಟ್‌ನಿಂದ ಲಾಗೌಟ್ ಆಗಿ.