ನಿಮಗಿದು ಗೊತ್ತೇ? ಕೋಸ್ಟರಿಕಾದ ‘ಹಸಿರು’ ಹೋಟೆಲುಗಳ ಒಳಗುಟ್ಟು

ಕಾಡೂ ಬೇಕು, ಕಡಲೂ ಬೇಕು, ರಾತ್ರಿ ಮಲಗಲು ಮೆತ್ತನೆಯ ಹಾಸಿಗೆಯೂ ಬೇಕು ಎನ್ನುವವರ ಪಟ್ಟಿಯಲ್ಲಿ ಮಧ್ಯ ಅಮೆರಿಕದ ಕೋಸ್ಟರಿಕಾ ಮೊದಲ ಸಾಲಿನಲ್ಲಿದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗಂತೂ ಅದು ಹತ್ತಿರ: ಮಯಾಮಿಯಿಂದ ವಿಮಾನದಲ್ಲಿ ಸುಮಾರು ಮೂರು ಗಂಟೆ, ಹ್ಯೂಸ್ಟನ್‌ನಿಂದ ನಾಲ್ಕು. ಅಲ್ಲಿ ಬಹಳಷ್ಟು ಐಷಾರಾಮಿ ಹೋಟೆಲುಗಳು ತಮ್ಮ ಹೆಸರಿಗೆ ‘ಇಕೋ’ ಅಂಟಿಸಿಕೊಂಡಿವೆ. ಬಾಡಿಗೆ ರಾತ್ರಿಗೆ ನೂರಾರು ಡಾಲರ್. ಅಷ್ಟು ದುಡ್ಡು ಸುರಿಯುವ ಮುನ್ನ ಇವಿಷ್ಟು ಗೊತ್ತಿರಲಿ.

● ದೇಶದ ವಿಸ್ತೀರ್ಣ ಸುಮಾರು 51,100 ಚದರ ಕಿ.ಮೀ. ಕರ್ನಾಟಕದ ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. 1948ರಲ್ಲೇ ಸೈನ್ಯವನ್ನು ರದ್ದು ಮಾಡಿದ ದೇಶವಿದು. ಇದರ ನೆಲದ ಸುಮಾರು ಕಾಲು ಭಾಗ ಸಂರಕ್ಷಿತ ಪ್ರದೇಶ.

● ಕೋಸ್ಟರಿಕಾದಲ್ಲಿ ‘ಖಾಸಗಿ ಬೀಚ್’ ಎಂಬುದು ಹೆಸರಿಗಷ್ಟೇ, ಗೊತ್ತೇ? 1977ರ ಕಾಯ್ದೆಯ ಪ್ರಕಾರ ಕಡಲಂಚಿನ 200 ಮೀಟರ್ ಪಟ್ಟಿ ಸರ್ಕಾರದ್ದು. ಭರತದ ನೀರು ಮುಟ್ಟುವ ಗೆರೆಯಿಂದ ಮೊದಲ 50 ಮೀಟರಿನಲ್ಲಿ ಯಾರು ಬೇಕಾದರೂ ಓಡಾಡಬಹುದು, ಹೋಟೆಲಿನವರು ಬೇಲಿ ಹಾಕುವಂತಿಲ್ಲ. ಅದರ ಹಿಂದಿನ 150 ಮೀಟರಿನಲ್ಲಿ ಏನಾದರೂ ಕಟ್ಟಬೇಕೆಂದರೆ, ಹಳೆಯ ಕೆಲವು ಹಕ್ಕುಪತ್ರಗಳನ್ನು ಬಿಟ್ಟರೆ, ಗುತ್ತಿಗೆಯೇ ಗತಿ. ಹಾಗಾಗಿ ‘ನಮ್ಮದೇ ಬೀಚ್’ ಎಂದು ಜಾಹೀರಾತಿನಲ್ಲಿ ಕಂಡರೆ, ಬೇರೆಯವರಿಗೆ ಅಲ್ಲಿಗೆ ಬರುವ ದಾರಿ ಸುತ್ತುಬಳಸು ಎಂದಷ್ಟೇ ತಿಳಿಯಿರಿ. ಅದಕ್ಕಾಗಿ ಹೆಚ್ಚಿನ ಬಾಡಿಗೆ ಕೊಡಬೇಕಾಗಿಲ್ಲ.

● ‘ನಮ್ಮದು ನೂರಕ್ಕೆ ನೂರು ನವೀಕರಿಸಬಹುದಾದ ವಿದ್ಯುತ್’ ಎಂಬ ಬಡಾಯಿಯೂ ಹಾಗೆಯೇ. 2015ರಿಂದೀಚೆಗೆ ಹೆಚ್ಚಿನ ವರ್ಷಗಳಲ್ಲಿ ಆ ಇಡೀ ದೇಶದ ವಿದ್ಯುತ್ತಿನಲ್ಲಿ ಸುಮಾರು ಶೇ 98ರಷ್ಟು ಬಂದಿರುವುದು ಜಲಾಶಯ, ಭೂಮಿಯೊಳಗಿನ ಶಾಖ ಮತ್ತು ಗಾಳಿಯಿಂದ. ಊರಿನ ಬೀದಿದೀಪವೂ ಹೋಟೆಲಿನಷ್ಟೇ ಹಸಿರು! ಕೇಳಬೇಕಾದ ಪ್ರಶ್ನೆ ಬೇರೆ: ಕರೆಂಟ್ ಹೋದಾಗ ಡೀಸೆಲ್ ಜನರೇಟರ್ ಎಷ್ಟು ಹೊತ್ತು ಓಡುತ್ತದೆ? ಎಸಿ ಇಲ್ಲದೆ ಕೋಣೆಯಲ್ಲಿ ನಿದ್ದೆ ಬರುತ್ತದೆಯೇ? ಎತ್ತರದ ಚಾವಣಿ, ಗಾಜಿನ ಬದಲು ಸೊಳ್ಳೆಜಾಲರಿಯ ಗೋಡೆ, ಗುಡ್ಡದ ಮೇಲಿನ ಗಾಳಿ ಇದ್ದರೆ ಎಸಿ ಬೇಕಾಗುವುದಿಲ್ಲ. ಗಾಜಿಗೆ ಡಿಕ್ಕಿ ಹೊಡೆದು ಸಾಯುವ ಹಕ್ಕಿಗಳೂ ಉಳಿಯುತ್ತವೆ.

● ಕೋಸ್ಟರಿಕಾ ಎಂದರೆ ಬರೀ ಮಳೆಕಾಡಲ್ಲ. ಹೆಸರಾಂತ ಅಂತರರಾಷ್ಟ್ರೀಯ ಹೋಟೆಲು ಸರಣಿಗಳು ಬಿಡಾರ ಹೂಡಿರುವ ವಾಯವ್ಯದ ಗ್ವಾನಕಾಸ್ಟೆ ಪ್ರಾಂತ್ಯದಲ್ಲಿ ಇರುವುದು ಒಣಕಾಡು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ, ಅಂದರೆ ಪ್ರವಾಸಿಗರು ಮುಗಿಬೀಳುವ ತಿಂಗಳುಗಳಲ್ಲೇ, ಅಲ್ಲಿನ ಮರಗಳು ಬೇಸಿಗೆಯ ಬಂಡೀಪುರದಂತೆ ಬೋಳಾಗಿರುತ್ತವೆ. ನೀರಿಗೂ ಬರ. ಅಂಥ ಕಡೆ ಕೋಣೆಗೊಂದು ಈಜುಕೊಳ, ಪಕ್ಕದಲ್ಲಿ ಗಾಲ್ಫ್ ಮೈದಾನ ಇಟ್ಟುಕೊಂಡು ‘ಇಕೋ’ ಎಂದರೆ ನಂಬುವುದು ಕಷ್ಟ. ನಿಜವಾದ ಮಳೆಕಾಡು ಮರಳಿಗೆ ಬಂದು ತಾಕುವುದನ್ನು ನೋಡಬೇಕಾದರೆ ಪೆಸಿಫಿಕ್ ಬದಿಯಲ್ಲಿ ಓಸಾ ಪರ್ಯಾಯ ದ್ವೀಪ, ಮಾನ್ಯುಯೆಲ್ ಆಂಟೋನಿಯೊ. ಕೆರಿಬಿಯನ್ ಬದಿಯಲ್ಲಿ ಕಹುಯಿಟಾ, ಮಂಜನಿಯೊ, ಟೋರ್ಟುಗೆರೊ.

● ಓಸಾದಲ್ಲಿ ವರ್ಷಕ್ಕೆ 4,000 ಮಿ.ಮೀ.ಗೂ ಮೀರಿ ಮಳೆ. ‘ನಮ್ಮ ಆಗುಂಬೆಯಲ್ಲಿ 7,000 ಸುರಿಯುತ್ತದಲ್ಲ’ ಎನ್ನುತ್ತೀರಾ? ನಿಜ. ಆದರೆ ಆಗುಂಬೆಯ ಮಳೆಯಲ್ಲಿ ಬಹುಪಾಲು ಮುಂಗಾರಿನ ನಾಲ್ಕು ತಿಂಗಳಲ್ಲೇ ಮುಗಿಯುತ್ತದೆ. ಓಸಾದ್ದು ಏಪ್ರಿಲ್ ಕೊನೆಯಿಂದ ಡಿಸೆಂಬರ್‌ವರೆಗೂ ಎಳೆದಾಡುತ್ತದೆ.

● ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಪೆಸಿಫಿಕ್ ಬದಿಯಲ್ಲಿ ಜಡಿಮಳೆ. ಓಸಾದ ಕೆಲವು ಲಾಡ್ಜ್‌ಗಳು ಬಾಗಿಲನ್ನೇ ಹಾಕುತ್ತವೆ. ಅದೇ ಹೊತ್ತಿಗೆ ಕೆರಿಬಿಯನ್ ಬದಿಯಲ್ಲಿ ಬಿಸಿಲು! ಎರಡೂ ಕಡಲುಗಳ ನಡುವಿನ ಅಂತರ ಕಿರಿದಾದ ಕಡೆ 120 ಕಿ.ಮೀ. ಆಸುಪಾಸು, ನಡುವೆ ನಿಂತ ಪರ್ವತಸಾಲಿನ ಆಟವಿದು. ದಸರಾ ರಜೆಗೆ ಹೋಗುವವರು ಕೆರಿಬಿಯನ್ ಬದಿಯನ್ನೇ ಹಿಡಿಯಿರಿ.

● ‘ಇಕೋ’ ಹೋಟೆಲುಗಳಲ್ಲಿ ಹಳೆಯ ಹುಲಿ ಓಸಾದ ಲಾಪಾ ರಿಯೋಸ್. ಅಮೆರಿಕದ ದಂಪತಿಯೊಬ್ಬರು ತಮ್ಮಲ್ಲಿದ್ದುದನ್ನು ಮಾರಿ ಸುಮಾರು 1,000 ಎಕರೆ ಕಾಡು ಕೊಂಡು, 1993ರಲ್ಲಿ ತೆರೆದದ್ದು. ಅಷ್ಟು ಜಾಗದಲ್ಲಿ ಹುಲ್ಲುಚಾವಣಿಯ ಬಂಗಲೆಗಳು 20ಕ್ಕಿಂತ ಕಡಿಮೆ. ಗೋಡೆಯ ಬದಲು ಜಾಲರಿ, ಎಸಿ ಇಲ್ಲ, ಟಿವಿ ಇಲ್ಲ. ಪಕ್ಕದ ಹಳ್ಳಿಯಲ್ಲಿ ಶಾಲೆ ಕಟ್ಟಲು ನೆರವಾದರು. ಕೆಲಸಕ್ಕೆ ಸುತ್ತಲಿನವರನ್ನೇ ತೆಗೆದುಕೊಂಡರು. ಇಲ್ಲಿ ವರ್ಷಗಟ್ಟಲೆ ಅತಿಥಿಗಳಿಗೆ ತೋರಿಸುತ್ತಿದ್ದ ಒಂದು ‘ಪ್ರೇಕ್ಷಣೀಯ ಸ್ಥಳ’ ಹಂದಿಗೂಡು! ಅಡುಗೆಮನೆಯ ಉಳಿಕೆಯನ್ನು ಹಂದಿಗಳಿಗೆ ಹಾಕಿ, ಅವುಗಳ ಮಲದಿಂದ ಮೀಥೇನ್ ಹಿಡಿದು, ಸಿಬ್ಬಂದಿಯ ಅಡುಗೆ ಒಲೆಗೆ ಬಿಡುತ್ತಿದ್ದರು. ತತ್ವ ನಮ್ಮ ಗೋಬರ್ ಗ್ಯಾಸಿನದೇ. ಪಂಚತಾರಾ ಬಾಡಿಗೆ ಕೊಟ್ಟ ಅತಿಥಿಯನ್ನು ಹಂದಿಗೂಡಿನ ಹತ್ತಿರ ಧೈರ್ಯವಾಗಿ ಕರೆದೊಯ್ಯುವ ಹೋಟೆಲು ನನಗೆ ಹಿಡಿಸುತ್ತದೆ. ಇನ್ನೂ ಮುಖ್ಯವಾದದ್ದು: ಮಾಲೀಕರು ಬದಲಾದರೂ ಕಾಡು ಕಡಿಯುವಂತಿಲ್ಲ ಎಂಬ ಕಾನೂನುಬದ್ಧ ಕರಾರನ್ನು ಆ ಜಮೀನಿಗೆ ಮಾಡಿಸಿಟ್ಟರು. ಹೋಟೆಲು ಕೈಬದಲಾಗುತ್ತದೆ, ಮ್ಯಾನೇಜರ್ ಬದಲಾಗುತ್ತಾನೆ. ಕರಾರು ಮಾತ್ರ ಜಮೀನಿನ ಜೊತೆಗೇ ಹೋಗುತ್ತದೆ.

● ಹಸಿರಿಗೆ ಹೆಸರಾದ ಇದೇ ದೇಶ 1980ರ ದಶಕದ ಹೊತ್ತಿಗೆ ದನದ ಹುಲ್ಲುಗಾವಲಿಗಾಗಿ ಕಾಡು ಕಡಿದು ಕಡಿದು, ಅರಣ್ಯವನ್ನು ಕಾಲು ಭಾಗದ ಹತ್ತಿರಕ್ಕೆ ಇಳಿಸಿಕೊಂಡಿತ್ತು. ಈಗ ಅರ್ಧಕ್ಕಿಂತ ಹೆಚ್ಚು. 1996ರ ಅರಣ್ಯ ಕಾಯ್ದೆಯಡಿ ಮರ ಉಳಿಸಿಕೊಂಡ ರೈತರಿಗೆ ಸರ್ಕಾರ ದುಡ್ಡು ಕೊಡುತ್ತದೆ. ಇಂಧನ ತೆರಿಗೆಯಿಂದ ಬರುವ ಆದಾಯದಲ್ಲಿ ಶೇ 3.5ರಷ್ಟು ಇದಕ್ಕೇ ಮೀಸಲು. ಹೋಟೆಲಿನ ಹಿಂದೆ ಕಾಣುವ ಕಾಡೆಲ್ಲ ಹೋಟೆಲಿನವರ ಪುಣ್ಯ ಎಂದುಕೊಳ್ಳಬೇಡಿ. ಬಹಳಷ್ಟು ಕಡೆ ಅದು ಪಕ್ಕದ ರೈತನದ್ದು.

● ಹಸಿರು ಹೋಟೆಲಿಗೂ ಸರ್ಕಾರಿ ಪರೀಕ್ಷೆಯಿದೆ. ಅಲ್ಲಿನ ಪ್ರವಾಸೋದ್ಯಮ ಸಂಸ್ಥೆ 1997ರಿಂದ ಕೊಡುತ್ತಿರುವ ‘ಸಿಎಸ್‌ಟಿ’ ಪ್ರಮಾಣಪತ್ರದಲ್ಲಿ ಮೊದಲು ಒಂದರಿಂದ ಐದು ‘ಎಲೆ’ಗಳಿದ್ದವು, ಈಗ ‘ಬೇಸಿಕ್’, ‘ಎಲೀಟ್’ ಎಂಬ ಎರಡೇ ದರ್ಜೆ. ಹೋಟೆಲಿನ ವೆಬ್‌ಸೈಟ್ ಇನ್ನೂ ಐದೆಲೆ ತೋರಿಸುತ್ತಿದ್ದರೆ, ಪ್ರಮಾಣಪತ್ರವನ್ನು ನವೀಕರಿಸಿದ್ದಾರೆಯೇ ಎಂದು ಕೇಳಿ.

● ಜಿಎಸ್‌ಟಿಸಿ ಎಂಬ ಜಾಗತಿಕ ಸುಸ್ಥಿರ ಪ್ರವಾಸೋದ್ಯಮ ಮಂಡಳಿಯ ಹೆಸರನ್ನೂ ಹೋಟೆಲುಗಳು ಬಳಸುತ್ತವೆ. ಆ ಮಂಡಳಿ ತಾನಾಗಿ ಯಾವ ಹೋಟೆಲಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಮಾನದಂಡ ಬರೆಯುತ್ತದೆ, ಪರೀಕ್ಷಿಸುವ ಸಂಸ್ಥೆಗಳಿಗೆ ಮಾನ್ಯತೆ ಕೊಡುತ್ತದೆ. ಹಾಗಾದರೆ ಪರೀಕ್ಷಿಸಿದವರು ಯಾರು? ಆ ಹೆಸರು ಕೇಳಿ.

● ನಮ್ಮ ಹೊನ್ನಾವರದ ಕಾಸರಕೋಡು, ಉಡುಪಿಯ ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಸಿಕ್ಕ ‘ಬ್ಲೂ ಫ್ಲ್ಯಾಗ್’ ಬೇರೆ, ಕೋಸ್ಟರಿಕಾದ ಕಡಲಂಚಿನಲ್ಲಿ ಹಾರುವ ನೀಲಿ ಬಾವುಟ ಬೇರೆ. ನಮ್ಮದು ಅಂತರರಾಷ್ಟ್ರೀಯ ಸಂಸ್ಥೆಯದು. ಅವರದು 1990ರ ದಶಕದಲ್ಲಿ ಅವರೇ ಶುರುಮಾಡಿದ್ದು. ಬೀಚಿಗೆ ಮಾತ್ರವಲ್ಲ, ಶಾಲೆಗೂ ಊರಿಗೂ ಅದನ್ನು ಕೊಡುತ್ತಾರೆ. ಹೋಟೆಲಿನ ಮುಂದೆ ಬಾವುಟ ಕಂಡರೆ ಅದು ಬೀಚಿನದೋ ಹೋಟೆಲಿನದೋ ವಿಚಾರಿಸಿ.

● ಟವೆಲ್ಲಿನ ಕತೆ ಗೊತ್ತೇ? 1983ರಲ್ಲಿ ಜೇ ವೆಸ್ಟರ್‌ವೆಲ್ಡ್ ಎಂಬ ಅಮೆರಿಕದ ವಿದ್ಯಾರ್ಥಿ ಫಿಜಿ ದ್ವೀಪದ ಬೀಚ್ ರೆಸಾರ್ಟ್ ಒಂದರಲ್ಲಿ ಚೀಟಿಯೊಂದನ್ನು ನೋಡಿದ: ‘ಕಡಲು, ಹವಳ ಉಳಿಸಲು ಟವೆಲ್ಲನ್ನು ಮತ್ತೆ ಬಳಸಿ’ ಎಂಬ ಅರ್ಥದ್ದು. ಅದೇ ಹೊತ್ತಿಗೆ ರೆಸಾರ್ಟು ಹೊಸ ಕಟ್ಟಡಗಳನ್ನು ಎಬ್ಬಿಸುತ್ತಿತ್ತು. ಇದನ್ನು ನೆನೆದು ಆತ 1986ರಲ್ಲಿ ಬರೆದ ಪ್ರಬಂಧದಿಂದಲೇ ‘ಗ್ರೀನ್‌ವಾಷಿಂಗ್’ ಎಂಬ ಬೈಗುಳ ಬಳಕೆಗೆ ಬಂತು. ಆ ಚೀಟಿಯ ಮೊಮ್ಮಕ್ಕಳು ಇವತ್ತಿಗೂ ಜಗತ್ತಿನ ಬಾತ್‌ರೂಮುಗಳಲ್ಲಿ ನೇತಾಡುತ್ತಿವೆ.

● ಕಡಲಾಮೆಯ ಮರಿ ಮರಳಿನಿಂದ ಎದ್ದು ಬೆಳಕು ಹೆಚ್ಚಿರುವ ದಿಕ್ಕಿಗೆ ಓಡುತ್ತದೆ. ಬೇರೆ ದೀಪವಿಲ್ಲದ ರಾತ್ರಿಯಲ್ಲಿ ಆ ದಿಕ್ಕು ಕಡಲು. ಹೋಟೆಲು ಸಾಲುದೀಪ ಹಚ್ಚಿದರೆ ಮರಿಗಳು ಅತ್ತ ಹೋಗಿ ಏಡಿ, ನಾಯಿಗಳ ಬಾಯಿಗೆ ಬೀಳುತ್ತವೆ. ಆದ್ದರಿಂದಲೇ ಹಸಿರಾಮೆಗಳು ಜುಲೈನಿಂದ ಅಕ್ಟೋಬರ್‌ವರೆಗೆ ಮೊಟ್ಟೆಯಿಡುವ ಟೋರ್ಟುಗೆರೊದಲ್ಲಿ ರಾತ್ರಿ ಬೀಚಿಗೆ ಹೋಗಲು ಪರವಾನಗಿ ಇರುವ ಗೈಡ್ ಬೇಕೇಬೇಕು. ಕ್ಯಾಮೆರಾ, ಮೊಬೈಲ್ ನಿಷಿದ್ಧ. ಕಾರವಾರ, ಹೊನ್ನಾವರದ ಕಡೆಯ ಆಲಿವ್ ರಿಡ್ಲೆ ಆಮೆಗಳದ್ದೂ ಇದೇ ಪಾಡು. ಹೋಟೆಲಿನ ಕಡಲಬದಿಯ ದೀಪಗಳು ಕೆಂಪು ಅಥವಾ ಕಿತ್ತಳೆ ಬಣ್ಣದವಾಗಿದ್ದು, ಮೊಣಕಾಲೆತ್ತರಕ್ಕಿದ್ದು, ನೆಲಕ್ಕೆ ಮುಖ ಮಾಡಿದ್ದರೆ ಅಲ್ಲಿ ವಿಷಯ ತಿಳಿದವರಿದ್ದಾರೆ ಎಂದರ್ಥ.

● ಆಮೆಮೊಟ್ಟೆ ಮಾರುವುದು ಕಾನೂನುಬದ್ಧವಾಗಿರುವ ಊರೂ ಅಲ್ಲಿದೆ! ಪೆಸಿಫಿಕ್ ಬದಿಯ ಓಸ್ಟಿಯೊನಲ್‌ನಲ್ಲಿ ಆಲಿವ್ ರಿಡ್ಲೆಗಳು ಹಿಂಡುಹಿಂಡಾಗಿ ಬರುತ್ತವೆ. ಮೊದಲು ಬಂದವು ಇಟ್ಟ ಮೊಟ್ಟೆಗಳನ್ನು ಆಮೇಲೆ ಬಂದವು ಅಗೆದು ಹಾಳುಮಾಡುತ್ತವೆ. ಹೇಗೂ ಹಾಳಾಗುವ ಆ ಮೊದಲ ದಿನಗಳ ಮೊಟ್ಟೆಗಳನ್ನು ಊರಿನವರು ತೆಗೆಯಬಹುದು. ಬದಲಿಗೆ ಅವರು ಬೀಚನ್ನು ಕಾಯುತ್ತಾರೆ.

● ಓಸಾದ ಕಡಲಂಚಿನಲ್ಲಿ ಕೆಂಪು ಮಕಾವ್ ಗಿಳಿಗಳು ಗದ್ದಲವೆಬ್ಬಿಸಿ ತಿನ್ನುವ ಕಾಯಿ ಯಾವುದು, ಗೊತ್ತೇ? ನಮ್ಮ ಕರಾವಳಿಯ ಶಾಲೆಗಳ ಅಂಗಳದಲ್ಲಿ ಮಕ್ಕಳು ಕಲ್ಲಿನಿಂದ ಜಜ್ಜಿ ತಿನ್ನುವ ಅದೇ ಬಾದಾಮಿ. ಮರ ಏಷ್ಯಾದ್ದು, ಅಮೆರಿಕಕ್ಕೆ ಒಯ್ದವರು ಮನುಷ್ಯರು. ಗಿಳಿಗಳು ಅದನ್ನು ಎಂದೋ ತಮ್ಮದಾಗಿಸಿಕೊಂಡಿವೆ.

● ಮಾನ್ಯುಯೆಲ್ ಆಂಟೋನಿಯೊದಲ್ಲಿ ಕೋತಿಗಳಿಗೆ ಕಾಡಿನಷ್ಟೇ ಮುಖ್ಯವಾದದ್ದು ಹಗ್ಗ. ಹೊದಿಕೆಯಿಲ್ಲದ ವಿದ್ಯುತ್ ತಂತಿ ಹಿಡಿದು ಸಾಯುತ್ತಿದ್ದ ಕೋತಿಗಳಿಗಾಗಿ ರಸ್ತೆಯ ಮೇಲೆ ಹಗ್ಗದ ಸೇತುವೆಗಳನ್ನು ಕಟ್ಟಿದ ‘ಕಿಡ್ಸ್ ಸೇವಿಂಗ್ ದಿ ರೇನ್‌ಫಾರೆಸ್ಟ್’ ಸಂಸ್ಥೆಯನ್ನು 1999ರಲ್ಲಿ ಶುರುಮಾಡಿದ್ದು ಒಂಬತ್ತು ವರ್ಷದ ಇಬ್ಬರು ಹುಡುಗಿಯರು.

● ಮಾನ್ಯುಯೆಲ್ ಆಂಟೋನಿಯೊ ರಾಷ್ಟ್ರೀಯ ಉದ್ಯಾನಕ್ಕೆ ಮಂಗಳವಾರ ರಜೆ. ತಿಂಡಿಯ ಪೊಟ್ಟಣ ಒಯ್ಯುವಂತಿಲ್ಲ. ಓಸಾದ ಕೊರ್ಕೊವಾಡೊ ಉದ್ಯಾನಕ್ಕೆ 2014ರಿಂದ ಗೈಡ್ ಇಲ್ಲದೆ ಪ್ರವೇಶವೇ ಇಲ್ಲ. ಕಹುಯಿಟಾ ಇವಕ್ಕಿಂತ ಬೇರೆ: ಊರಿನವರೂ ಸೇರಿ ನಡೆಸುವ ಉದ್ಯಾನ, ಊರಿನ ಕಡೆಯ ಬಾಗಿಲಲ್ಲಿ ನೀವು ಕೊಟ್ಟಷ್ಟೇ ಶುಲ್ಕ.

● ಸ್ಲಾತ್ ಎಂಬ ಸೋಮಾರಿ ಪ್ರಾಣಿ 2021ರಿಂದ ಕೋಸ್ಟರಿಕಾದ ರಾಷ್ಟ್ರಲಾಂಛನಗಳಲ್ಲೊಂದು. ಸಾಮಾನ್ಯವಾಗಿ ವಾರಕ್ಕೊಮ್ಮೆ, ಅದೂ ಮಲವಿಸರ್ಜನೆಗೆ, ಮರದಿಂದ ಇಳಿಯುತ್ತದೆ. ಕಾಡುಪ್ರಾಣಿಯನ್ನು ಎತ್ತಿಕೊಂಡು ಸೆಲ್ಫಿ ತೆಗೆಯಬೇಡಿ ಎಂದು ಸರ್ಕಾರ 2019ರಲ್ಲಿ ಪ್ರಚಾರವನ್ನೇ ನಡೆಸಿತು. ಸ್ಲಾತ್ ಅನ್ನು ಕೈಗೆ ಕೊಡುತ್ತೇವೆ ಎನ್ನುವ ಹೋಟೆಲಿಗೆ ಎಷ್ಟು ಎಲೆ, ಎಷ್ಟು ನಕ್ಷತ್ರವಿದ್ದರೂ ಹೋಗಬೇಡಿ.

● ಟೋರ್ಟುಗೆರೊಗೆ ರಸ್ತೆಯಿಲ್ಲ. ದೋಣಿ ಅಥವಾ ಪುಟ್ಟ ವಿಮಾನ. ಪಕುವಾರೆ ನದಿಯ ದಂಡೆಯ ಪ್ರಸಿದ್ಧ ಲಾಡ್ಜಿಗೆ ಅತಿಥಿಗಳು ರಬ್ಬರ್ ರಾಫ್ಟಿನಲ್ಲಿ, ಹೊಳೆಯ ಸೆಳವಿನಲ್ಲಿ ತೊಯ್ದುಕೊಂಡೇ ಬರುತ್ತಾರೆ. ಲಗೇಜು ಬೇರೆ ದಾರಿಯಲ್ಲಿ.

● ಕೊಡಗಿನವರು ಗಮನಿಸಿ: 1989ರಿಂದ 2018ರವರೆಗೆ ಕೋಸ್ಟರಿಕಾದಲ್ಲಿ ರೋಬಸ್ಟಾ ಬೆಳೆಯುವುದೇ ಅಪರಾಧವಾಗಿತ್ತು! ಅರೇಬಿಕಾದ ಹೆಸರು ಕೆಡಬಾರದೆಂದು. ಕಾಫಿ ತೋಟದೊಳಗಿನ ಹೋಟೆಲು ಹುಡುಕುವವರು ರಾಜಧಾನಿ ಸಾನ್ ಹೊಸೆಯ ಸುತ್ತಲಿನ ಬೆಟ್ಟಗಳಲ್ಲಿ ಒಂದು ರಾತ್ರಿ ತಂಗಬಹುದು.

● ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ಬೆಳಗಿನ ತಿಂಡಿ ‘ಗಾಯೊ ಪಿಂಟೊ’ ಎಂದರೆ ಹಿಂದಿನ ದಿನದ ಅನ್ನವನ್ನು ಬೆಂದ ಕಪ್ಪು ರಾಜ್ಮಾದಂಥ ಕಾಳಿನ ಜೊತೆ ಬಾಣಲೆಯಲ್ಲಿ ಹುರಿದದ್ದು. ಹಂದಿಕೊಬ್ಬು ಹಾಕಿದ್ದೀರಾ ಎಂದು ಒಂದು ಮಾತು ಕೇಳಿಕೊಳ್ಳಿ.

● ಬಾಡಿಗೆಯ ಮೇಲೆ ಶೇ 13ರಷ್ಟು ತೆರಿಗೆ ಬೀಳುತ್ತದೆ. ತೋರಿಸಿದ ದರದಲ್ಲಿ ಅದು ಸೇರಿದೆಯೇ ನೋಡಿ.

● ಬೆಂಗಳೂರಿನಿಂದ ಸಾನ್ ಹೊಸೆ ನೇರ ಗೆರೆ ಎಳೆದರೂ 16,000 ಕಿ.ಮೀ. ದಾಟುತ್ತದೆ. ಟವೆಲ್ ಮತ್ತೆ ಬಳಸಿ ಉಳಿಸಿದ್ದೆಲ್ಲ ವಿಮಾನ ಟೇಕಾಫ್ ಆಗುವಷ್ಟರಲ್ಲೇ ಖರ್ಚಾಗಿರುತ್ತದೆ. ಬಿಸಿನೆಸ್ ಕ್ಲಾಸ್ ಸೀಟು ಹೆಚ್ಚು ಜಾಗ ಹಿಡಿಯುವುದರಿಂದ ಅದರ ಪಾಲಿನ ಇಂಗಾಲ ಇಕಾನಮಿಯ ಸುಮಾರು ಮೂರು ಪಟ್ಟು. ಅಷ್ಟು ದೂರ ಹೋಗುವುದೇ ಆದರೆ ನಾಲ್ಕು ದಿನಕ್ಕೆ ಹೋಗಿ ಮೂರು ಹೋಟೆಲು ಬದಲಿಸಬೇಡಿ. ಒಂದೇ ಕಡೆ ಹೆಚ್ಚು ದಿನ ಇರಿ.

● ಬುಕ್ ಮಾಡುವ ಮುನ್ನ ಹೋಟೆಲಿಗೆ ಒಂದು ಇಮೇಲ್ ಹಾಕಿ. ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ? ಸುತ್ತಲಿನ ಕಾಡಿನಲ್ಲಿ ನಿಮ್ಮದೆಷ್ಟು, ಅದನ್ನು ಕಡಿಯುವುದಿಲ್ಲ ಎಂಬುದಕ್ಕೆ ಕರಾರಿದೆಯೇ? ಮ್ಯಾನೇಜರ್ ಹುದ್ದೆಯಲ್ಲಿ ಆ ಊರಿನವರು ಎಷ್ಟು ಜನ? ನೇರ ಉತ್ತರ ಬಂದ ಮೇಲೆಯೇ ಮುಂಗಡ ಕಟ್ಟಿ. ಬರೀ ಸೂರ್ಯಾಸ್ತದ ಫೋಟೊ ಕಳಿಸಿದರೆ ಬೇರೆ ಹೋಟೆಲು ನೋಡಿಕೊಳ್ಳಿ.