ಕಾರು ಶಿರಸಿಯಲ್ಲಿ, ಸರ್ವಿಸ್ ಹುಬ್ಬಳ್ಳಿಯಲ್ಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ದೊಡ್ಡ ರಿಪೇರಿ ಏನೇ ಬಂದರೂ ಊರು ಬಿಡಲೇಬೇಕು. ಎದೆನೋವು ಬಂದರೆ ಹುಬ್ಬಳ್ಳಿ ಇಲ್ಲವೇ ಮಣಿಪಾಲ, ರೈಲು ಹತ್ತಬೇಕೆಂದರೆ ತಾಳಗುಪ್ಪ ಇಲ್ಲವೇ ಕುಮಟಾ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಮಂಜೂರಾಗಿ ಕಾಲು ಶತಮಾನ ದಾಟಿತು. ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲಿ ಜನ ಟ್ವಿಟರ್‌ನಲ್ಲಿ ಎಬ್ಬಿಸಿದ ಕೂಗು ಇನ್ನೂ ಕೂಗಾಗಿಯೇ ಇದೆ. ಹೀಗಿರುವಾಗ ಬ್ಯಾಟರಿ ಕಾರಿನ ಸರ್ವಿಸ್ ಸೆಂಟರ್ ನೂರು ಕಿಲೋಮೀಟರ್ ದೂರ ಎಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಮೊದಲಿನಿಂದ ಹಾಗೇ ಅಲ್ಲವಾ, ಎಂದು ಕವಳ ಹಾಕುತ್ತಾರೆ.

ಆದರೂ ಕಾರು ನೋಡಿದವರು ಕೇಳುವುದು ಒಂದೇ ಪ್ರಶ್ನೆ: ‘ಒಂದ್ಸಲ ಚಾರ್ಜ್ ಮಾಡಿದರೆ ಎಷ್ಟು ಓಡ್ತದೆ?’ ನನ್ನ ಮಟ್ಟಿಗೆ ಇದು ಇಲ್ಲಿಗೆ ಅಷ್ಟೇನೂ ಮುಖ್ಯವಲ್ಲದ ಪ್ರಶ್ನೆ. ನಮ್ಮ ಓಡಾಟ ಎಷ್ಟು? ಶಿರಸಿಯಿಂದ ಸಿದ್ದಾಪುರಕ್ಕೆ ನಲವತ್ತು ಕಿಲೋಮೀಟರ್ ಒಳಗೆ, ಯಲ್ಲಾಪುರಕ್ಕೆ ಐವತ್ತರ ಆಸುಪಾಸು. ಅಡಿಕೆ ವ್ಯಾಪಾರಕ್ಕೆ ಪೇಟೆಗೆ ಹೋಗಿ, ಸೊಸೈಟಿ ಕೆಲಸ ಮುಗಿಸಿ, ಬರುವಾಗ ಒಂದು ಮದುವೆ ಮನೆಗೆ ಮುಖ ತೋರಿಸಿ ಬಂದರೂ ಸಣ್ಣ ಬ್ಯಾಟರಿಯ ಕಾರು ಸಾಕು. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಪಾರ್ಕಿಂಗ್‌ನಲ್ಲಿ ಒಂದು ಪ್ಲಗ್ ಪಾಯಿಂಟ್‌ಗಾಗಿ ಸಂಘದ ಸಭೆಯಲ್ಲಿ ಜಗಳವಾಡಬೇಕು. ಇಲ್ಲಿಯ ಮನೆಗೆ ಅಂಗಳವಿದೆ, ಕಾರು ನಿಲ್ಲಿಸಲು ಮಾಡು ಇದೆ, ಕೊಟ್ಟಿಗೆಯ ಗೋಡೆಗೆ ಹದಿನೈದು ಆ್ಯಂಪಿಯರ್ ಪ್ಲಗ್ ಹಾಕಿಸಲು ಯಾರನ್ನೂ ಕೇಳಬೇಕಾಗಿಲ್ಲ. ಇಪ್ಪತ್ತನಾಲ್ಕು ಯೂನಿಟ್ ಹಿಡಿಯುವ ಬ್ಯಾಟರಿ ಆ ಪ್ಲಗ್‌ನಲ್ಲಿ ಎಂಟೊಂಬತ್ತು ಗಂಟೆಯಲ್ಲಿ ತುಂಬುತ್ತದೆ. ರಾತ್ರಿ ಹಾಕಿದರೆ ಬೆಳಿಗ್ಗೆ ತಯಾರು. ಪೆಟ್ರೋಲ್ ಬಂಕೇ ಹತ್ತಿಪ್ಪತ್ತು ಕಿಲೋಮೀಟರ್ ದೂರವಿರುವ ಹಳ್ಳಿಗೆ ಇದು ಸಣ್ಣ ಅನುಕೂಲವಲ್ಲ.

ಘಟ್ಟದ ಭಯವೂ ಇದೆ. ದೇವಿಮನೆ ಘಟ್ಟ ಹತ್ತುವಾಗ ಬ್ಯಾಟರಿ ಬಸಿದುಹೋಗುತ್ತದೆ ಎನ್ನುವವರಿಗೆ ಲೆಕ್ಕ ಹೀಗಿದೆ. ಶಿರಸಿ ಸಮುದ್ರಮಟ್ಟದಿಂದ ಆರು ನೂರು ಮೀಟರಿಗೆ ತುಸು ಕಡಿಮೆ ಎತ್ತರದಲ್ಲಿದೆ. ಒಂದೂವರೆ ಟನ್ ತೂಕದ ಕಾರನ್ನು ಕುಮಟಾದಿಂದ ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಎರಡೂವರೆ ಯೂನಿಟ್ ಒಳಗೆ; ನಡುವಿನ ನಷ್ಟ ಸೇರಿಸಿದರೆ ಮೂರು ಯೂನಿಟ್. ಬಯಲಿನಲ್ಲಿ ಅದರಲ್ಲಿ ಇಪ್ಪತ್ತು ಕಿಲೋಮೀಟರ್ ಓಡಬಹುದಿತ್ತು. ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಅದರಲ್ಲಿ ದೊಡ್ಡ ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಡೀಸೆಲ್ ಗಾಡಿಯಲ್ಲಿ ಇಳಿದವರಿಗೆ ಗೊತ್ತಿರುವ ಬ್ರೇಕ್ ಲೈನರ್ ಸುಟ್ಟ ವಾಸನೆ ಇಲ್ಲಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಘಟ್ಟದ ನೆತ್ತಿಯ ಹತ್ತಿರವೇ ಮನೆಯಿರುವವರು ನೂರಕ್ಕೆ ನೂರು ತುಂಬಿಸಿ ನೇರ ಇಳಿಜಾರಿಗೆ ಬಿಡಬಾರದು. ತುಂಬಿದ ಬ್ಯಾಟರಿಗೆ ಮತ್ತೆ ತುಂಬಲು ಜಾಗವಿರುವುದಿಲ್ಲ. ಮೋಟಾರಿನ ಹಿಡಿತ ಸಡಿಲಾಗಿ ಎಲ್ಲ ಭಾರ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. ಎಂಬತ್ತು ತೊಂಬತ್ತಕ್ಕೆ ನಿಲ್ಲಿಸಿದರೆ ಸಾಕು.

ನಿಜವಾದ ತಕರಾರು ಶುರುವಾಗುವುದು ಕಾರಿನ ಹೊರಗೆ, ಕರೆಂಟಿನಲ್ಲಿ. ಕಾಳಿ ನದಿಗೆ ಸೂಪಾದಲ್ಲಿ ಕಟ್ಟಿದ ಆಣೆಕಟ್ಟು, ಯಲ್ಲಾಪುರ ತಾಲ್ಲೂಕಿನದೇ ಆದ ಕೊಡಸಳ್ಳಿಯಲ್ಲಿ 120 ಮೆಗಾವಾಟ್, ಕೈಗಾದ ನಾಲ್ಕು ಅಣುಘಟಕಗಳಲ್ಲಿ 880 ಮೆಗಾವಾಟ್, ಕೆಳಗೆ ಗೇರುಸೊಪ್ಪೆಯಲ್ಲಿ 240. ಇಷ್ಟು ವಿದ್ಯುತ್ ಹುಟ್ಟಿಸುವ ಜಿಲ್ಲೆ ಇದು. ಕೈಗಾದಿಂದ ಹೊರಟ ಹೈಟೆನ್ಶನ್ ತಂತಿ ಕಾಡು ಸೀಳಿಕೊಂಡು ಹೋಗುವುದು ನಮ್ಮ ತಲೆಯ ಮೇಲೇ. ಅದರ ಕೆಳಗಿನ ಮನೆಯಲ್ಲಿ ಜೂನ್ ತಿಂಗಳ ಮೊದಲ ಗಾಳಿಗೆ ಮರ ಬಿದ್ದು ಲೈನ್ ಹೋದರೆ ಬರುವುದು ಯಾವಾಗ ಎಂದು ಲೈನ್‌ಮನ್‌ಗೂ ಹೇಳಲಾಗದು. ಹೆಸ್ಕಾಂನ ಲೈನ್‌ಮನ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಉಂಬಳ ಕಚ್ಚಿಸಿಕೊಳ್ಳುತ್ತ, ಸುರಿವ ಮಳೆಯಲ್ಲಿ ಕಂಬ ಹತ್ತುವವರು ಅವರು.

ಕರೆಂಟು ಇರುವ ದಿನವೂ ಎಲ್ಲ ಸುಸೂತ್ರವಲ್ಲ. ಬೇಸಿಗೆಯಲ್ಲಿ ಸುತ್ತಲಿನ ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಕೊನೆಯ ಮನೆಯಲ್ಲಿ ವೋಲ್ಟೇಜ್ ಡಲ್ಲು. ಕಾರಿನ ಚಾರ್ಜರ್ ತಾನೇ ಹಿಂದೆ ಸರಿಯುತ್ತದೆ, ಇಲ್ಲವೇ ನಿಂತೇಬಿಡುತ್ತದೆ. ಇದಕ್ಕಿಂತ ಹೆಚ್ಚು ಜನರನ್ನು ಕಂಗೆಡಿಸುವುದು ಅರ್ಥಿಂಗ್. ಹಳೆಯ ಮನೆಗಳಲ್ಲಿ ಮೂರನೇ ಪಿನ್ ಇರುತ್ತದೆ, ಅದರ ಹಿಂದೆ ತಂತಿ ಇರುವುದಿಲ್ಲ. ತಂತಿ ಇದ್ದರೂ ಅದು ಹೋಗಿ ಮುಟ್ಟಿದ ಕಬ್ಬಿಣದ ಪೈಪು ಎಂದೋ ತುಕ್ಕು ಹಿಡಿದು ಹೋಗಿರುತ್ತದೆ. ಮಿಕ್ಸರ್, ಫ್ರಿಜ್, ಟೀವಿ ಇದನ್ನು ಸಹಿಸಿಕೊಳ್ಳುತ್ತವೆ, ಕಾರು ಸಹಿಸುವುದಿಲ್ಲ. ಚಾರ್ಜರ್ ಕೆಂಪು ದೀಪ ತೋರಿಸಿ ಕೂರುತ್ತದೆ. ಮಾಲೀಕ ಕಂಪನಿಗೆ ಫೋನ್ ಹಚ್ಚುತ್ತಾನೆ, ಅವರು ಗಾಡಿ ತನ್ನಿ ಎನ್ನುತ್ತಾರೆ, ಹುಬ್ಬಳ್ಳಿಯಲ್ಲಿ ಪ್ಲಗ್‌ಗೆ ಹಾಕಿದರೆ ಗಾಡಿ ಸರಿಯಾಗಿಯೇ ಚಾರ್ಜ್ ಆಗುತ್ತದೆ.

ಮದ್ದು ಇರುವುದು ಊರಿನ ಎಲೆಕ್ಟ್ರಿಷಿಯನ್ ಹತ್ತಿರ. ಆತ ಬಂದು ಮೊದಲು ಮೀಟರಿನ ಒಂದು ಕಡ್ಡಿಯನ್ನು ನ್ಯೂಟ್ರಲ್‌ಗೂ ಇನ್ನೊಂದನ್ನು ಅರ್ಥ್‌ಗೂ ಇಟ್ಟು ನೋಡುತ್ತಾನೆ. ಎರಡು ಮೂರು ವೋಲ್ಟ್ ಒಳಗಿರಬೇಕಾದದ್ದು ಮೂವತ್ತು ನಲವತ್ತು ತೋರಿಸಿದರೆ ನಾಲಿಗೆ ಲೊಚಗುಟ್ಟಿ, ಬಚ್ಚಲ ನೀರು ಹೋಗುವ ಕಡೆ ಜಾಗ ಹುಡುಕುತ್ತಾನೆ. ಅಲ್ಲಿ ಗುಂಡಿ ತೋಡಿ, ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬುವುದು. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಎಷ್ಟು ಒಣಗುತ್ತದೆಂದರೆ ಏಪ್ರಿಲ್‌ನಲ್ಲಿ ಆ ಗುಂಡಿಗೆ ಆಗಾಗ ಒಂದು ಕೊಡ ನೀರು ಹೊಯ್ಯಬೇಕು. ಇಪ್ಪತ್ತೊಂದನೇ ಶತಮಾನದ ಕಾರಿಗೆ ಮನೆಯವರು ಮಾಡಬೇಕಾದ ಮುಖ್ಯ ಸರ್ವಿಸ್ ಇದೇ ಎಂದರೆ ನಗು ಬರುತ್ತದೆ, ಆದರೆ ಸುಳ್ಳಲ್ಲ.

ಚಾವಣಿಗೆ ಸೋಲಾರ್ ಹಾಕಿಸಿದರೆ ಈ ರಗಳೆಯೇ ಇಲ್ಲವಲ್ಲ ಎಂದುಕೊಂಡವರೂ ಇದ್ದಾರೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿಯೂ ಸಿಗುತ್ತದೆ. ಆದರೆ ಲೈನಿಗೆ ಜೋಡಿಸಿದ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲೆಂದು ಅದನ್ನು ಹಾಗೆಯೇ ಮಾಡಿದ್ದಾರೆ. ಬಿಲ್ ಇಳಿಸಲು ಅದು ಒಳ್ಳೆಯದು, ಕತ್ತಲಲ್ಲಿ ಕಾರು ತುಂಬಿಸಲು ಅಲ್ಲ. ಇನ್ನು ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರು ನೂರೈವತ್ತು ಯೂನಿಟ್ ಮೇಲೇ ಎಳೆಯುತ್ತದೆ. ಮನೆಯ ಒಟ್ಟು ಬಳಕೆ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಪೆಟ್ರೋಲಿಗೆ ಹೋಲಿಸಿದರೆ ಆಗಲೂ ಲಾಭವೇ. ಸೊನ್ನೆ ಬಿಲ್ಲಿಗೆ ಒಗ್ಗಿದ ಅಜ್ಜಿಗೆ ಇದನ್ನು ಒಪ್ಪಿಸುವುದು ಮಾತ್ರ ಬೇರೆಯೇ ಕೆಲಸ.

ಹಾಗಾದರೆ ಸರ್ವಿಸ್ ಸೆಂಟರ್ ಬೇಕಾಗುವುದು ಎಲ್ಲಿ? ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ. ಟೈರು, ಅಲೈನ್‌ಮೆಂಟ್, ಹೊಂಡದ ರಸ್ತೆಗೆ ಸವೆದ ಬುಷ್, ಎಸಿ ಫಿಲ್ಟರ್ ಇವೆಲ್ಲ ಶಿರಸಿಯಲ್ಲೇ ಆಗುವ ಕೆಲಸ. ಕಾರು ಅಂಗಳದಲ್ಲಿ ಮಿಸುಕದೆ ನಿಂತರೂ ಲಕ್ಷಗಟ್ಟಲೆ ಬೆಲೆಯ ಬ್ಯಾಟರಿ ಹೋಯಿತೆಂದು ಗಾಬರಿಯಾಗಬೇಕಿಲ್ಲ. ಬಹಳ ಸಲ ಕೈಕೊಡುವುದು ಎಲ್ಲ ಕಾರಿನಲ್ಲೂ ಇರುವ ಹನ್ನೆರಡು ವೋಲ್ಟಿನ ಪುಟ್ಟ ಬ್ಯಾಟರಿ. ಬಾಗಿಲು, ಕಂಪ್ಯೂಟರು, ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ಚು ಎಲ್ಲ ಎಚ್ಚರಗೊಳ್ಳುವುದು ಅದರಿಂದ. ಅದನ್ನು ಬದಲಿಸಲು ಹುಬ್ಬಳ್ಳಿ ಬೇಡ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಸಂಸಾರ ಹೂಡುವ ಇಲಿಗಳದ್ದು ಇನ್ನೊಂದು ಅಧ್ಯಾಯ. ಅಡಿಕೆ, ಭತ್ತ ಇಡುವ ಮನೆಯಲ್ಲಿ ಇಲಿ ಇರದಿದ್ದರೆ ಅದೇ ಸುದ್ದಿ. ಅವು ಸಣ್ಣ ತಂತಿ ಕಡಿದರೆ ಪರವಾಗಿಲ್ಲ. ಕಿತ್ತಳೆ ಬಣ್ಣದ ತಂತಿಗೆ ಹಲ್ಲು ಹಾಕಿದರೆ ಯಾರೂ ಕೈ ಹಚ್ಚಬಾರದು. ಅದರಲ್ಲಿ ಮುನ್ನೂರು ವೋಲ್ಟಿನ ಸುಮಾರಿಗೆ ಡಿಸಿ ಹರಿಯುತ್ತದೆ. ಅಲ್ಲಿಂದ ಮುಂದೆ ಕಂಪನಿಯವರೇ ಗತಿ.

ಆಗ ನೂರು ಕಿಲೋಮೀಟರ್ ನಿಜಕ್ಕೂ ದೂರವಾಗುತ್ತದೆ. ಕೆಟ್ಟ ಬ್ಯಾಟರಿ ಕಾರನ್ನು ಹಗ್ಗ ಕಟ್ಟಿ ಎಳೆಯುವಂತಿಲ್ಲ, ಚಕ್ರ ಉರುಳಿದರೆ ಮೋಟಾರು ಕರೆಂಟು ಹುಟ್ಟಿಸುತ್ತದೆ. ಹೊತ್ತೊಯ್ಯುವ ಲಾರಿ ಬೇಕು, ಅದು ಪೇಟೆಯಿಂದ ಹೊರಟು ತೋಟದ ಇಕ್ಕಟ್ಟು ರಸ್ತೆಯ ತನಕ ಬರಬೇಕು. 2021ರ ಜುಲೈನಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆದಾಗ, ಕಳಚೆಯಂಥ ಊರು ತಲುಪಲು ಮನುಷ್ಯರಿಗೇ ದಾರಿ ಇರಲಿಲ್ಲ. ದೂರದಿಂದಲೇ ಸಾಫ್ಟ್‌ವೇರ್ ನೋಡಿ ಸರಿಮಾಡುತ್ತೇವೆ ಎನ್ನುವ ಭರವಸೆಗೂ ಸಿಗ್ನಲ್ ಬೇಕು. ಫೋನ್ ಮಾಡಲು ಗುಡ್ಡ ಹತ್ತುವ ಊರಿನಲ್ಲಿ ಕಾರಿನೊಳಗಿನ ಸಿಮ್ ಯಾವ ಗುಡ್ಡ ಹತ್ತೀತು?

ಈ ಸೀಮೆಯವರು ಯಂತ್ರಕ್ಕೆ ಹೆದರಿದವರಲ್ಲ. ಗೋಬರ್ ಗ್ಯಾಸ್ ಒಲೆ, ಅಡಿಕೆ ಸುಲಿಯುವ ಯಂತ್ರ, ಕೊಳೆ ಔಷಧಿ ಹೊಡೆಯುವ ಫೈಬರ್ ದೋಟಿ, ಹಳ್ಳದ ನೀರಿಗೆ ಕೂರಿಸಿದ ಪುಟ್ಟ ಟರ್ಬೈನ್, ಎಲ್ಲವನ್ನೂ ಮನೆ ಬಾಗಿಲಲ್ಲೇ ಬಿಚ್ಚಿ ಜೋಡಿಸಿ ಕಲಿತವರು. 1995ರಲ್ಲಿ ಹರೀಶ್ ಹಂದೆ ಸೆಲ್ಕೋ ಶುರುಮಾಡಿ ಕರಾವಳಿ, ಮಲೆನಾಡಿನ ಹಳ್ಳಿಗಳಿಗೆ ಸೋಲಾರ್ ದೀಪ ತಂದಾಗ, ಅದು ನಿಂತದ್ದು ಪ್ಯಾನೆಲ್‌ನಿಂದಷ್ಟೇ ಅಲ್ಲ. ಬ್ಯಾಂಕಿನ ಸಾಲ ಕೊಡಿಸಿ, ಮನೆಗೆ ಬಂದು ನೋಡಿಹೋಗುವ ತಂತ್ರಜ್ಞರನ್ನು ಹತ್ತಿರದ ಪೇಟೆಯಲ್ಲೇ ಇಟ್ಟದ್ದರಿಂದ. ಕಾರು ಕಂಪನಿಗಳು ಷೋರೂಮನ್ನು ಮೊದಲು ತೆರೆಯುತ್ತವೆ, ಕೈಗವಸು ಹಾಕಿ ಕಿತ್ತಳೆ ತಂತಿ ಮುಟ್ಟಬಲ್ಲ ಹುಡುಗನನ್ನು ಕೊನೆಗೆ ತರುತ್ತವೆ. ಐಟಿಐ ಓದಿದ ಹುಡುಗರು ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ತರಬೇತಿ ಕೊಟ್ಟು, ದೋಷ ಓದುವ ಸ್ಕ್ಯಾನರ್ ಮತ್ತು ಸಾಫ್ಟ್‌ವೇರನ್ನು ಕಂಪನಿ ಬೀಗ ಹಾಕದೆ ಮಾರಿದರೆ ಅರ್ಧ ದೂರ ಕರಗೀತು. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿನ ಪೋರ್ಟಲ್ ತೆರೆದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತ್ತು. ಪೋರ್ಟಲ್ ಸ್ಪಾನರ್ ಹಿಡಿಯುವುದಿಲ್ಲವಷ್ಟೇ.

ಸದ್ಯಕ್ಕೆ ಈ ಕಾರುಗಳ ಬ್ಯಾಟರಿಗಳು ಬಹುಮಟ್ಟಿಗೆ ವಾರಂಟಿಯ ಕೊಡೆಯಡಿಯಲ್ಲಿವೆ. ಟಾಟಾ ನೆಕ್ಸಾನ್ ಇವಿ ಬಂದದ್ದು 2020ರ ಜನವರಿಯಲ್ಲಿ, ಅದರ ಬ್ಯಾಟರಿಗೆ ಕೊಟ್ಟ ವಾರಂಟಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್. ಮೊದಲ ಗಾಡಿಗಳಿಗೆ ಅದು ಮುಗಿಯುವುದು 2028ಕ್ಕೆ. ಇಲ್ಲಿ ಎಂಟು ವರ್ಷದ ಗಾಡಿಯನ್ನು ಯಾರೂ ಹಳೆಯದೆನ್ನುವುದಿಲ್ಲ. ಅಪ್ಪ ಕೊಂಡ ಜೀಪನ್ನು ಮಗ ಇನ್ನೂ ಓಡಿಸುತ್ತಾನೆ. ಸೆಕೆಂಡ್ ಹ್ಯಾಂಡ್‌ಗೆ ಕೊಳ್ಳಲು ಬಂದವನು ಆಗ ಮೀಟರಿನಲ್ಲಿ ಎಷ್ಟು ಓಡಿದೆ ಎಂದು ನೋಡುವ ಮೊದಲು, ಬ್ಯಾಟರಿ ಬಿಚ್ಚುವವರು ಶಿರಸಿಯಲ್ಲಿ ಯಾರಿದ್ದಾರೆ ಎಂದು ಕೇಳುತ್ತಾನೆ. ಗಾಡಿಯ ರೇಟು ನಿಲ್ಲುವುದು ಆ ಉತ್ತರದ ಮೇಲೆ.