ಮಹಾಮಾರಿಯೂ ಆಯುಸ್ಸಿನ ಲೆಕ್ಕವೂ

ಕೋವಿಡ್ ಮಹಾಮಾರಿಯಿಂದ ಭಾರತೀಯರ ಸರಾಸರಿ ಆಯುಸ್ಸು ಎಷ್ಟು ಕುಗ್ಗಿತೆಂದು ಕೇಳುವವರಿಗೆ ಒಂದಕ್ಕೊಂದು ಹೊಂದದ ಎರಡು ಉತ್ತರಗಳು ದೊರೆಯುತ್ತವೆ. ನಮ್ಮ ಸರ್ಕಾರದವರ ಮಾದರಿ ನೋಂದಣಿಯ ಕೋಷ್ಟಕಗಳಂತೆ 2016-20ರಲ್ಲಿ 70.0 ವರ್ಷವಿದ್ದುದು 2017-21ರಲ್ಲಿ 69.8 ಆಯಿತು. ವಿಶ್ವಸಂಸ್ಥೆಯವರು 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2019ರಲ್ಲಿ 70.9 ಇದ್ದುದು 2021ರಲ್ಲಿ 67.2ಕ್ಕೆ ಇಳಿಯಿತು. ಮೊದಲನೆಯದರಲ್ಲಿ ನಷ್ಟ ಒಂದು ವರ್ಷದ ಐದನೆಯ ಒಂದು ಪಾಲು. ಎರಡನೆಯದರಲ್ಲಿ ಮೂರೂವರೆ ವರ್ಷಕ್ಕೂ ಮಿಗಿಲು. ಈ ಅಂತರದ ಒಂದು ಕಾರಣ ಸರಳವಾದುದು. ನಮ್ಮ ಕೋಷ್ಟಕವು ಐದು ವರ್ಷಗಳನ್ನು ಒಂದುಗೂಡಿಸಿ ಎಣಿಸುತ್ತದೆ. ನಾಲ್ಕು ಕೊಡ ತಿಳಿನೀರಿಗೆ ಒಂದು ಕೊಡ ಕೆಸರು ಬೆರೆಸಿದರೆ ಕೆಸರಿನ ಬಣ್ಣ ತೆಳುವಾಗುವುದು ಸಹಜವೇ.

ಸರಾಸರಿ ಆಯುಸ್ಸೆಂಬುದು ಜ್ಯೋತಿಷ್ಯವಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಒಂದು ವರ್ಷದಲ್ಲಿ ಹುಟ್ಟಿದ ಶಿಶುವು ತನ್ನ ಜೀವಮಾನವೆಲ್ಲ ಆ ವರ್ಷದ ಮರಣಪ್ರಮಾಣಗಳಿಗೇ ಗುರಿಯಾದರೆ ಎಷ್ಟು ಕಾಲ ಬಾಳೀತೆಂಬ ಗಣಿತವಷ್ಟೇ ಅದು. ಆದುದರಿಂದಲೇ ಅದು ಬೇಗನೆ ಬೀಳುತ್ತದೆ, ಬೇಗನೆ ಏಳುತ್ತದೆ. ಅಮೆರಿಕದಲ್ಲಿ 1917ರಲ್ಲಿ ಸುಮಾರು 51 ಇದ್ದುದು ಇನ್‌ಫ್ಲುಯೆಂಜಾ ಬಂದ 1918ರಲ್ಲಿ 39ಕ್ಕೆ ಕುಸಿದು, 1919ರಲ್ಲಿ 54ನ್ನು ಮೀರಿತು. ಆ ಜ್ವರವು ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನು ವಿಶೇಷವಾಗಿ ಆರಿಸಿಕೊಂಡಿತು. ಎಪ್ಪತ್ತೈದರ ವೃದ್ಧರ ಮರಣಕ್ಕಿಂತ ಮೂವತ್ತರ ಗೃಹಸ್ಥನ ಮರಣವು ಈ ಲೆಕ್ಕವನ್ನು ಬಹುಪಾಲು ಹೆಚ್ಚಾಗಿ ಕೆಳಗೆಳೆಯುತ್ತದೆ. ಮನೆಯ ಲೆಕ್ಕವೂ ಹಾಗೆಯೇ ಅಲ್ಲವೇ?

ಈ ಸಲ ದೇಶದೇಶಗಳ ಗತಿ ಬೇರೆಬೇರೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯವರ ಗಣನೆಯಂತೆ ಜಗತ್ತಿನ ಸರಾಸರಿ ಆಯುಸ್ಸು 2019ರಿಂದ 2021ರೊಳಗೆ 1.8 ವರ್ಷ ಕುಗ್ಗಿ 71.4ಕ್ಕೆ ಬಂದಿತು. ಐಶ್ವರ್ಯದಲ್ಲಿ ಅಗ್ರಗಣ್ಯವಾದ ಅಮೆರಿಕವು 78.8ರಿಂದ 76.4ಕ್ಕೆ ಇಳಿಯಿತು. ಗಡಿಗಳನ್ನು ಬಿಗಿಮಾಡಿದ ನ್ಯೂಜಿಲೆಂಡಿನಲ್ಲಿಯೂ, ನಾರ್ವೆಯಲ್ಲಿಯೂ 2020ರಲ್ಲಿ ಇಳಿತವೇ ಕಾಣಲಿಲ್ಲ. ವೃದ್ಧರೇ ತುಂಬಿರುವ ಜಪಾನಿನಲ್ಲಿ ಆ ವರ್ಷ ಆಯುಸ್ಸು ಏರಿತು. ಧನವೊಂದೇ ರಕ್ಷೆಯಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ.

ನಮ್ಮವರಿಗೆ ಈ ಅನುಭವ ಹೊಸದಲ್ಲ. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕು, ಪೇಟೆಯ ಇಕ್ಕಟ್ಟಿನ ಮನೆಗಳಿಂದ ಜನರನ್ನು ಹೊರದೂಡಿತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದುದೂ, ಪ್ಲೇಗಿನಮ್ಮನ ಗುಡಿಗಳು ಎದ್ದುದೂ ಆ ಕಾಲದ ನೆನಪು. 1911ರಿಂದ 1921ರವರೆಗಿನ ದಶಕದಲ್ಲಿ ಭಾರತೀಯರ ಸರಾಸರಿ ಆಯುಸ್ಸು ಸುಮಾರು 20 ವರ್ಷಕ್ಕೆ ಇಳಿದು, ದೇಶದ ಜನಸಂಖ್ಯೆಯೇ 25.2 ಕೋಟಿಯಿಂದ 25.1 ಕೋಟಿಗೆ ಕುಗ್ಗಿತು. ಪರರಾಜ್ಯದ ದುರವಸ್ಥೆಯೆಂದು ಅದನ್ನು ನಾವು ಖಂಡಿಸಿದುದು ನ್ಯಾಯವೇ. ಸ್ವರಾಜ್ಯದಲ್ಲಿ ಲೆಕ್ಕ ಕೇಳುವ ಹಕ್ಕು ಅದಕ್ಕಿಂತ ಕಡಮೆಯದಲ್ಲ.

ನಗರದ ಹೊರವಲಯದ ಕಡೆ ತಿರುಗೋಣ. 2020ರ ಮಾರ್ಚಿಯಲ್ಲಿ ಬೀಗಮುದ್ರೆ ಬಿದ್ದಾಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸಾಫ್ಟ್‌ವೇರ್ ಉದ್ಯೋಗಿಗಳು ಗಣಕಯಂತ್ರವನ್ನು ಮನೆಗೊಯ್ದು ಸಂಬಳಕ್ಕೆ ಊನವಿಲ್ಲದೆ ದುಡಿದರು. ಪೀಣ್ಯದ ಲೇತ್ ಯಂತ್ರವನ್ನು ಮನೆಗೊಯ್ಯುವುದು ಹೇಗೆ? ಒಂದೇ ಕೊಠಡಿಯಲ್ಲಿ ಹಲವರು ಮಲಗುವ ಕಾರ್ಮಿಕನಿಗೆ ಅಂತರ ಕಾಯಿರೆಂಬ ಉಪದೇಶವು ಹಾಸ್ಯವಾಗಿಯೇ ಕೇಳಿಸಿರಬೇಕು. ಕಟ್ಟಡ ಉದ್ಯಮಿಗಳೊಡನೆ ಸಮಾಲೋಚಿಸಿದ ಮೇ 5ರಂದೇ ರಾಜ್ಯ ಸರ್ಕಾರದವರು ವಲಸೆ ಕಾರ್ಮಿಕರ ರೈಲುಗಳು ಬೇಡವೆಂದರು. ಜನಾಕ್ಷೇಪಣೆಯ ತರುವಾಯ ಎರಡೇ ದಿನಗಳಲ್ಲಿ ಆ ನಿರ್ಧಾರವನ್ನು ಬದಲಿಸಿದರು. ಜುಲೈನಲ್ಲಿ ತುಮಕೂರು ರಸ್ತೆಯ ವಸ್ತುಪ್ರದರ್ಶನ ಭವನದಲ್ಲಿ ಹತ್ತು ಸಾವಿರ ಹಾಸಿಗೆಗಳ ಆರೈಕೆ ಕೇಂದ್ರವನ್ನು ಯೋಜಿಸಿ ತೆರೆದರು, ಸೆಪ್ಟೆಂಬರಿನಲ್ಲಿ ಮುಚ್ಚಿದರು. ಮರುವರ್ಷದ ವಸಂತದಲ್ಲಿ ಎರಡನೆಯ ಅಲೆ ಬಂದಾಗ ಚಿತಾಗಾರಗಳು ಸಾಲದೆ, ತಾವರೆಕೆರೆಯ ಬಯಲಿನಲ್ಲಿಯೂ ಗಿಡ್ಡೇನಹಳ್ಳಿಯ ಕಲ್ಲುಗಣಿಯಲ್ಲಿಯೂ ಸಾಲುಸಾಲಾಗಿ ಚಿತೆಗಳು ಉರಿದವು.

ಅಲ್ಲಿ ಉರಿದವರ ವಯಸ್ಸೆಷ್ಟು, ಕಸುಬೇನು, ಆನೇಕಲ್ ತಾಲ್ಲೂಕಿನ ಆಯುಸ್ಸು ಎಷ್ಟು ತಗ್ಗಿತು, ಮಹದೇವಪುರದ್ದೆಷ್ಟು, ದಾಸರಹಳ್ಳಿಯದೆಷ್ಟು? ಸರ್ಕಾರದ ಆಯುಷ್ಯ ಕೋಷ್ಟಕಗಳು ರಾಜ್ಯದ ಮಟ್ಟದಲ್ಲಿ, ಹೆಚ್ಚೆಂದರೆ ಗ್ರಾಮ-ನಗರವೆಂಬ ಭೇದದಲ್ಲಿ, ನಿಂತುಬಿಡುತ್ತವೆ. ಇಡೀ ದೇಶದ ನೋಂದಣಿಯಲ್ಲಿ 2020ರಲ್ಲಿ ಸುಮಾರು 81 ಲಕ್ಷವಿದ್ದ ಮರಣಗಳು 2021ರಲ್ಲಿ 102 ಲಕ್ಷವಾದುವು. ನೋಂದಣಿ ಸುಧಾರಿಸಿದುದು ಈ ಏರಿಕೆಗೆ ಕೊಂಚಮಟ್ಟಿಗೆ ಕಾರಣವಿರಬಹುದು; ಇಪ್ಪತ್ತೊಂದು ಲಕ್ಷವನ್ನೂ ಅದರ ತಲೆಗೆ ಕಟ್ಟುವುದು ಕಷ್ಟ. 2024ರಲ್ಲಿ ವಿದ್ವಾಂಸರ ತಂಡವೊಂದು, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಆಧಾರದಿಂದ, 2020ರಲ್ಲೇ ಆಯುಸ್ಸು 2.6 ವರ್ಷ ಕುಗ್ಗಿತೆಂದೂ, ಪುರುಷರಿಗಿಂತ ಸ್ತ್ರೀಯರಿಗೂ, ಮೇಲ್ಜಾತಿಯವರಿಗಿಂತ ದಲಿತ, ಆದಿವಾಸಿ, ಮುಸಲ್ಮಾನರಿಗೂ ನಷ್ಟ ಹೆಚ್ಚೆಂದೂ ಬರೆಯಿತು. ಕೇಂದ್ರದ ಆರೋಗ್ಯ ಸಚಿವಾಲಯದವರು ಅದನ್ನು ಒಪ್ಪಲಾಗದೆಂದು ತಳ್ಳಿಹಾಕಿದರು. ಆ ವಿದ್ವಾಂಸರ ವಿಧಾನದಲ್ಲಿ ಲೋಪವಿದ್ದರೂ ಇರಬಹುದು. ಆದರೆ ತಪ್ಪು ಲೆಕ್ಕಕ್ಕೆ ಉತ್ತರ ಸರಿಯಾದ ಲೆಕ್ಕವೇ ಹೊರತು ಪತ್ರಿಕಾ ಹೇಳಿಕೆಯಲ್ಲ.

ಮರಣಗಳ ವಿವರ ನಮ್ಮಲ್ಲಿಯೇ ಇದೆ. ಇ-ಜನ್ಮ ದಾಖಲೆಯಲ್ಲಿ ಮೃತರ ವಯಸ್ಸು, ಲಿಂಗ, ವಿಳಾಸಗಳನ್ನು ಬರೆದಿಟ್ಟಿದ್ದಾರೆ. ಕೊರತೆಯಿರುವುದು ಭಾಗಿಸಬೇಕಾದ ಜನಸಂಖ್ಯೆಯದು. ನಮ್ಮ ಹಿರಿಯರು ಖಾನೇಷುಮಾರಿಯೆನ್ನುತ್ತಿದ್ದ ಜನಗಣತಿ 2021ರಲ್ಲಿ ನಡೆಯದೆ 2027ಕ್ಕೆ ಗೊತ್ತಾಗಿದೆ. ಅದು ಕೈಸೇರಿದೊಡನೆ, 2011ರ ಗಣತಿಯೊಡನೆ ಹೊಂದಿಸಿ ನಡುವಣ ವರ್ಷಗಳ ಜನಸಂಖ್ಯೆಯನ್ನು ಅಂದಾಜಿಸಿ, 2019, 2020, 2021ರ ಕೋಷ್ಟಕಗಳನ್ನು ಪ್ರತ್ಯೇಕವಾಗಿ, ಜಿಲ್ಲೆ ತಾಲ್ಲೂಕುಗಳ ವಾರು, ಮೃತರ ಹೆಸರುಗಳನ್ನು ಬಿಟ್ಟು ಮುದ್ರಿಸಬೇಕೆಂದು ರಾಜ್ಯ ಸರ್ಕಾರದವರನ್ನೂ, 2025ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಐದು ನಗರಪಾಲಿಕೆಗಳನ್ನೂ ಒತ್ತಾಯಪಡಿಸುತ್ತೇವೆ. ಇನ್ನೊಂದು ತೊಡಕುಂಟು. ಕಾನೂನಿನಂತೆ ಮರಣವನ್ನು ಸಂಭವಿಸಿದ ಸ್ಥಳದಲ್ಲಿಯೇ ನೋಂದಾಯಿಸಬೇಕು. ಪೀಣ್ಯದಲ್ಲಿ ಸೋಂಕು ತಗಲಿ ಒಡಿಶಾದ ಹಳ್ಳಿಯಲ್ಲಿ ಪ್ರಾಣಬಿಟ್ಟವನು ಬೆಂಗಳೂರಿನ ಲೆಕ್ಕಕ್ಕೆ ಬರುವುದೇ ಇಲ್ಲ. ಆ ರಾಜ್ಯಗಳಿಂದ ವಿವರ ತರಿಸಿಕೊಳ್ಳಲು ಪತ್ರವ್ಯವಹಾರವನ್ನು ಜನಗಣತಿಗೆ ಕಾಯದೆ ಈಗಲೇ ಆರಂಭಿಸಬಹುದು.